ಗುಡ್ಡ ಜರಿದಾಗ ಮೊದಲು ಯಾರ ಕರೆ ಹೋಗಬೇಕು?

ಕೊಡಗಿನಲ್ಲಿ ಗುಡ್ಡ ಜರಿದರೆ ರಸ್ತೆಯ ಜೊತೆ ನೆಟ್‌ವರ್ಕೂ ಹೋಗುತ್ತದೆ. ಇಲ್ಲಿ ರೈಲು ಹಳಿ ಇಲ್ಲ, ಫೈಬರ್ ಕೇಬಲ್ ಹೆಚ್ಚಾಗಿ ರಸ್ತೆ ಬದಿಯಲ್ಲೇ ಹೂತಿರುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ವಾರಗಟ್ಟಲೆ ಬಂದ್ ಆಗಿತ್ತು. ಅಂಥ ಹೊತ್ತಲ್ಲಿ ಒಂದು ಕಡೆಯ ಕೇಬಲ್ ತುಂಡಾದರೆ ಉಳಿದ ದಾರಿಯಲ್ಲಿ ಎಲ್ಲರ ಡೇಟಾಗೂ ಜಾಗ ಸಾಲುವುದಿಲ್ಲ. ಯಾರ ಡೇಟಾವನ್ನು ಮೊದಲು ಹೋಗಲು ಬಿಡಬೇಕು?

ಈ ಪ್ರಶ್ನೆ ಹಳೆಯದು. 1988ರ ಮೇ 8ರಂದು ಶಿಕಾಗೊ ಬಳಿಯ ಹಿನ್ಸ್‌ಡೇಲ್ ಟೆಲಿಫೋನ್ ಎಕ್ಸ್‌ಚೇಂಜ್‌ಗೆ ಬೆಂಕಿ ಬಿತ್ತು. ಸಾವಿರಾರು ಮನೆಗಳ ಫೋನ್ ಸತ್ತಿತು, ವಿಮಾನ ಸಂಚಾರಕ್ಕೂ ಪೆಟ್ಟು ಬಿತ್ತು. ಎಲ್ಲವೂ ಒಂದೇ ಜಾಗದ ಮೇಲೆ ನಿಂತಿದ್ದರ ಅಪಾಯ ಆಗ ಎದ್ದು ಕಂಡಿತು.

1990ರ ದಶಕದಲ್ಲಿ ಉಂಗುರದ ಹಾಗೆ ಸುತ್ತಿ ಬರುವ ರಿಂಗ್ ಜಾಲಗಳು ಬಂದವು. ಒಂದು ಬದಿ ಕಡಿದರೆ ಇನ್ನೊಂದು ಬದಿಯಿಂದ 50 ಮಿಲಿಸೆಕೆಂಡ್‌ನಲ್ಲಿ ದಾರಿ ಸಿಗುತ್ತಿತ್ತು. ಆದರೆ ಅರ್ಧ ಸಾಮರ್ಥ್ಯ ಸುಮ್ನೆ ಕಾಯುತ್ತಿರಬೇಕು. ಹಾಗಾಗಿ ಅಲ್ಲಿ ಅಗ್ಗದ ಡೇಟಾ ತುಂಬಿಸಿ, ಕಟ್ ಆದ ಕೂಡಲೇ ಅದನ್ನು ಕೆಳಗಿಳಿಸುವ ವ್ಯವಸ್ಥೆಯೂ ಇತ್ತು. ಆದ್ಯತೆ ಒಳಗೆ ಬಂದದ್ದು ಹೀಗೆ.

ಆಮೇಲೆ ಒಂದೇ ಫೈಬರ್ ಎಳೆಯಲ್ಲಿ ಹತ್ತಾರು ಬಣ್ಣದ ಬೆಳಕು, ಒಂದೊಂದು ಬಣ್ಣವೂ ಬೇರೆ ಬೇರೆ ಡೇಟಾ ಹೊತ್ತು, ಹರಿಯತೊಡಗಿತು. ಖರ್ಚು ಉಳಿಸಲು, ಕಟ್ ಆದ ಮೇಲೆ ಹೊಸ ದಾರಿ ಹುಡುಕುವ ಜಾಲಗಳು ಬಂದವು. ಇಲ್ಲೇ ಇರೋದು ತೊಡಕು. ದಾರಿಯುದ್ದಕ್ಕೂ ಬೆಳಕಿಗೆ ಬಲ ತುಂಬುವ ಆಂಪ್ಲಿಫೈಯರ್‌ಗಳ ಶಕ್ತಿಯನ್ನು ಎಲ್ಲ ಬಣ್ಣಗಳೂ ಹಂಚಿಕೊಳ್ಳುತ್ತವೆ. ಒಮ್ಮೆಲೇ ಇಪ್ಪತ್ತು ಬಣ್ಣ ತಂದು ಸುರಿದರೆ ಮೊದಲೇ ಓಡುತ್ತಿದ್ದವುಗಳ ಮಟ್ಟ ಏರುಪೇರಾಗಿ ಅವೂ ಕೆಡಬಹುದು. ಅದಕ್ಕೇ ಸ್ವಲ್ಪ ಸ್ವಲ್ಪವೇ ಸೇರಿಸಿ, ಮಟ್ಟ ಸರಿಮಾಡುತ್ತಾ ಹೋಗಬೇಕು. ಕೆಲವೊಮ್ಮೆ ನಿಮಿಷಗಳೇ ಬೇಕು. ಸಾಲಿನಲ್ಲಿ ಯಾರು ಮುಂದೆ ಅನ್ನೋದು ಜೀವದ ಪ್ರಶ್ನೆ ಆಗೋದು ಈ ನಿಮಿಷಗಳಲ್ಲಿ.

ಸಾಲಿಗೆ ಅಂಕಿ ಕೊಡುವ ಪದ್ಧತಿ 2001ರಲ್ಲೇ ಇಂಟರ್‌ನೆಟ್ ಮಾನದಂಡಗಳಲ್ಲಿ ಬರೆದಿಡಲಾಗಿತ್ತು. 0 ಎಲ್ಲಕ್ಕಿಂತ ಮೇಲು, 7 ಕೆಳಗೆ. ಪ್ರತಿ ದಾರಿಗೂ ಎರಡು ಅಂಕಿ: ಒಂದು ಜಾಗ ಹಿಡಿಯುವ ಬಲ, ಇನ್ನೊಂದು ಹಿಡಿದ ಜಾಗ ಉಳಿಸಿಕೊಳ್ಳುವ ಬಲ. ಕೆಲವೇ ವರ್ಷಗಳಲ್ಲಿ ಇದು ಬೆಳಕಿನ ದಾರಿಗಳಿಗೂ ಬಂತು.

ಆದರೆ ಅಂಕಿ ತುಂಬುವುದು ಕಂಪನಿ. ಜಾಸ್ತಿ ದುಡ್ಡು ಕೊಟ್ಟವರಿಗೆ ಮೇಲಿನ ಅಂಕಿ ಸಿಗೋದು ವ್ಯಾಪಾರದ ರೀತಿ. ಗುಡ್ಡಗಾಡು ಜಿಲ್ಲೆಗೆ ಇದು ಸಾಲದು ಎಂದೇ ನನ್ನ ಅಭಿಪ್ರಾಯ. ಮಡಿಕೇರಿಯ ಆಸ್ಪತ್ರೆ, ಜಿಲ್ಲಾಡಳಿತದ ಕಂಟ್ರೋಲ್ ರೂಮ್, 112ರ ಕರೆಗಳು ಮೊದಲು ಹೋಗಬೇಕು, ಅಲ್ವಾ?

ಬರೀ ಆದೇಶ ಹೊರಡಿಸಿದರೆ ಇದು ಆಗುವುದಿಲ್ಲ. ಬೆಳಕಿನ ಒಂದು ಬಣ್ಣದೊಳಗೆ 112ರ ಕರೆಯೂ ಇರುತ್ತದೆ, ಯಾರೋ ನೋಡುತ್ತಿರುವ ಸಿನಿಮಾವೂ ಇರುತ್ತದೆ. ಬಣ್ಣ ತಿರುಗಿಸುವ ಯಂತ್ರಕ್ಕೆ ಒಳಗೇನಿದೆ ಅಂತ ಕಾಣುವುದಿಲ್ಲ. ತುರ್ತು ಕರೆಗಳನ್ನು ಬೇರ್ಪಡಿಸಿ ಒಂದೇ ಬಣ್ಣಕ್ಕೆ ಹಾಕುವ ಕೆಲಸವನ್ನು ಅದಕ್ಕೂ ಮುಂಚೆ, ಡೇಟಾಗೆ ದಾರಿ ತೋರಿಸುವ ರೂಟರ್ ಯಂತ್ರದಲ್ಲೇ ಮಾಡಿಡಬೇಕು, ಜೂನ್ ಮಳೆ ಹಿಡಿಯುವ ಮೊದಲೇ.