ಪದ ಪರಿಚಯ: ನೆಲಮಟ್ಟದ ಓಝೋನ್

ಹುಬ್ಬಳ್ಳಿ-ಧಾರವಾಡದಲ್ಲಿ ಗಾಳಿ ಕೆಟ್ಟಿದೆ ಎಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಧೂಳು. ಅದು ಸುಳ್ಳೂ ಅಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಗೆ ಈ ಅವಳಿ ನಗರ ಸೇರಿದ್ದೇ ಗಾಳಿಯಲ್ಲಿನ ಸೂಕ್ಷ್ಮ ಕಣಗಳಿಂದಾಗಿ. ಆದರೆ ರಸ್ತೆಗೆ ನೀರು ಚಿಮುಕಿಸಿದರೂ ಅಡಗದ, ಕಣ್ಣಿಗೂ ಬೀಳದ ಇನ್ನೊಂದು ಮಾಲಿನ್ಯವಿದೆ. ಅದೇ ನೆಲಮಟ್ಟದ ಓಝೋನ್.

ಬಹಳ ಎತ್ತರದಲ್ಲಿದ್ದು ನೇರಳಾತೀತ ಕಿರಣಗಳನ್ನು ತಡೆಯುವ ಅನಿಲವೇ ಇದು. ನಾವು ಉಸಿರಾಡುವ ಗಾಳಿಯಲ್ಲಿ ಹೆಚ್ಚಾದರೆ ಮಾತ್ರ ಎದೆ ಬಿಗಿಯುತ್ತದೆ, ಕೆಮ್ಮು ಬರುತ್ತದೆ. ದಮ್ಮು ಇರುವವರಿಗೆ ತೊಂದರೆ ಇನ್ನೂ ಹೆಚ್ಚು. ಎಂಟು ಗಂಟೆಗಳ ಸರಾಸರಿ ಘನ ಮೀಟರಿಗೆ 100 ಮೈಕ್ರೋಗ್ರಾಂ ದಾಟಬಾರದು ಎಂಬುದು ನಮ್ಮ ದೇಶದ ಮಾನದಂಡ.

ವಿಚಿತ್ರವೆಂದರೆ, ವಾಹನದ ಹೊಗೆಕೊಳವೆಯಿಂದ ಓಝೋನ್ ಹೊರಬರುವುದೇ ಇಲ್ಲ, ಹೊಗೆ ಬಿಸಿಲಿಗೆ ಸಿಕ್ಕಿ ಗಾಳಿಯಲ್ಲೇ ಅದು ಹುಟ್ಟುತ್ತದೆ. ಇದನ್ನು ಕಂಡುಕೊಂಡವರು ರಸಾಯನ ವಿಜ್ಞಾನಿ ಆರೀ ಹಾಗನ್-ಸ್ಮಿಟ್. 1900ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿ ಅಮೆರಿಕದ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯ ಸೇರಿದ ಅವರು ಅನಾನಸಿನ ಪರಿಮಳ ಯಾವ ರಾಸಾಯನಿಕಗಳಿಂದ ಬರುತ್ತದೆಂದು ಹುಡುಕುತ್ತಿದ್ದವರು. 1940ರ ದಶಕದಲ್ಲಿ ಲಾಸ್ ಏಂಜಲೀಸಿನ ಜನ ಹೊಗೆಮಂಜಿನಿಂದ ಕಣ್ಣುರಿದು ಕಂಗೆಟ್ಟಿದ್ದರು. ಮೊದಲು ಸಂಶಯ ಹೋದದ್ದು ಒಂದು ಕೃತಕ ರಬ್ಬರ್ ಕಾರ್ಖಾನೆಯ ಮೇಲೆ, ಆಮೇಲೆ ಗಂಧಕದ ಹೊಗೆಯ ಮೇಲೆ. ಹಣ್ಣಿನ ಪರಿಮಳವನ್ನು ಹಿಡಿದಿಡುವ ವಿಧಾನದಲ್ಲೇ ಹಾಗನ್-ಸ್ಮಿಟ್ ಊರಿನ ಗಾಳಿಯನ್ನು ತಣಿಸಿ, ಅದರ ಸಾರ ತೆಗೆದು ಪರೀಕ್ಷಿಸಿದರು. ಅವರ ಇನ್ನೊಂದು ಪ್ರಯೋಗವಂತೂ ನನಗೆ ಬಹಳ ಮೆಚ್ಚುಗೆ: ರಬ್ಬರ್ ಪಟ್ಟಿಯನ್ನು ಬಾಗಿಸಿ ಗಾಳಿಗೆ ಒಡ್ಡಿ, ಬಿರುಕು ಬಿಡಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವುದು. ಓಝೋನ್ ಹೆಚ್ಚಿದ್ದಷ್ಟೂ ಪಟ್ಟಿ ಬೇಗ ಸೀಳುತ್ತದೆ. ದುಬಾರಿ ಯಂತ್ರವಿಲ್ಲದೆ ಗಾಳಿಯ ಗುಟ್ಟು ರಟ್ಟು ಮಾಡಿದ ಬುದ್ಧಿ ಅದು.

ಎಂಜಿನ್ನಿನ ಬಿಸಿಯಲ್ಲಿ ಹೆಚ್ಚಾಗಿ ಹುಟ್ಟುವ ನೈಟ್ರಿಕ್ ಆಕ್ಸೈಡ್ ಗಾಳಿಯಲ್ಲಿ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ, ಅದನ್ನು ಸೂರ್ಯನ ಬೆಳಕು ಒಡೆಯುತ್ತದೆ. ಬಿಡುಗಡೆಯಾದ ಒಂಟಿ ಆಮ್ಲಜನಕ ಪರಮಾಣು ಸುತ್ತಲಿನ ಆಮ್ಲಜನಕದೊಡನೆ ಕೂಡಿ ಓಝೋನ್ ಆಗುತ್ತದೆ. ಸುಡದೆ ಉಳಿದ ಪೆಟ್ರೋಲಿನ ಆವಿ ಜೊತೆಗಿದ್ದರೆ ಈ ಕ್ರಿಯೆ ನಿಲ್ಲದೆ ಸಾಗಿ ಓಝೋನ್ ಜಮೆಯಾಗುತ್ತಲೇ ಹೋಗುತ್ತದೆ. ತೈಲ ಉದ್ಯಮದ ಹಣದಲ್ಲಿ ಸಂಶೋಧನೆ ಮಾಡುತ್ತಿದ್ದವರು ಇದನ್ನು ಅಲ್ಲಗಳೆದರು. ಹಾಗನ್-ಸ್ಮಿಟ್ ಜಗ್ಗಲಿಲ್ಲ, 1968ರಲ್ಲಿ ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಯ ಮೊದಲ ಅಧ್ಯಕ್ಷರಾಗಿ ವಾಹನಗಳ ಹೊಗೆಗೆ ಕಡಿವಾಣ ಹಾಕಿಸಿದರು.

ಈಗ ನಮ್ಮೂರಿಗೆ ಬರೋಣ. ಹುಬ್ಬಳ್ಳಿಯ ಚನ್ನಮ್ಮ ವೃತ್ತದಲ್ಲಿ ಬೆಳಗಿನ ವಾಹನಗಳು ಬಿಟ್ಟ ಹೊಗೆ ಮಧ್ಯಾಹ್ನದ ಬಿಸಿಲಿಗೆ ಓಝೋನ್ ಆಗಬಲ್ಲದು. ವೃತ್ತದಲ್ಲೇ ಅಳೆದರೆ ಅದು ಕಡಿಮೆ ಕಾಣಲೂಬಹುದು, ಏಕೆಂದರೆ ಅಲ್ಲಿನ ತಾಜಾ ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಓಝೋನನ್ನು ತಿಂದುಹಾಕುತ್ತದೆ. ಗಾಳಿ ಸಾಗುವ ದಿಕ್ಕಿನಲ್ಲಿರುವ ಬಡಾವಣೆಗಳಲ್ಲೂ ಹೊಲಗಳಲ್ಲೂ ಪ್ರಮಾಣ ಹೆಚ್ಚಿರಬಹುದು. ಗೋಧಿ, ಸೋಯಾ ಅವರೆಯಂತಹ ಬೆಳೆಗಳಿಗೂ ಇದು ಹಾನಿಕರ. ಆದ್ದರಿಂದ ಅಳೆಯುವ ಯಂತ್ರ ನಗರದ ನಡುವೆ ಮಾತ್ರ ಇದ್ದರೆ ಸಾಲದು, ಊರಂಚಿನಲ್ಲೂ ಇರಬೇಕು.