ಸೂರ್ಯನಿಗಿಂತ ಹಿರಿಯರು: ಮಿಡ್ಲ್-ಅರ್ಥ್‌ನ ಯುಗಗಳ ಲೆಕ್ಕ ಎಲ್ಲಿ ತೊಡರಿಕೊಂಡಿತು

ಜೆ.ಆರ್.ಆರ್. ಟೋಲ್ಕಿನ್ ಕಟ್ಟಿದ ಮಿಡ್ಲ್-ಅರ್ಥ್‌ನ ಪುರಾಣದಲ್ಲಿ ಸೂರ್ಯಚಂದ್ರರು ಮರದಲ್ಲಿ ಬಿಟ್ಟವರು. ವಲಾರ್ ಎಂಬ ದೇವತೆಗಳ ನಾಡಿನಲ್ಲಿ ಎರಡು ಮರಗಳಿದ್ದವು: ಬೆಳ್ಳಿಬೆಳಕಿನ ತೆಲ್ಪೆರಿಯೋನ್, ಹೊಂಬೆಳಕಿನ ಲೌರೆಲಿನ್. ಕೇಡಿನ ಒಡೆಯ ಮೆಲ್ಕೋರ್ ಜೇಡರೂಪದ ಉಂಗೋಲಿಯಂತ್‌ಳನ್ನು ಕರೆತಂದು ಆ ಮರಗಳ ರಸ ಹೀರಿಸಿದ, ಬೇರಿಗೆ ವಿಷ ಇಳಿಸಿದ. ಸತ್ತೇ ಹೋದವು ಎನ್ನುವಾಗ ಒಂದರಲ್ಲಿ ಕೊನೆಯದೊಂದು ಬೆಳ್ಳಿಹೂವು, ಇನ್ನೊಂದರಲ್ಲಿ ಹೊನ್ನಿನ ಹಣ್ಣು ಬಿಟ್ಟಿತು. ಹೂವೇ ಚಂದ್ರ, ಹಣ್ಣೇ ಸೂರ್ಯ. ಅದಕ್ಕೆ ಬಹಳ ಮೊದಲೇ, ಬರಿಯ ನಕ್ಷತ್ರಗಳ ಬೆಳಕಿನಲ್ಲಿ ಎಲ್ಫ್‌ಗಳೆಂಬ ಸಾವಿಲ್ಲದ ಜನಾಂಗದವರು ಕಣ್ಣು ತೆರೆದಿದ್ದರು. ಸೂರ್ಯ ಮೊಟ್ಟಮೊದಲು ಮೂಡಿದಾಗ ಎಚ್ಚರಗೊಂಡವರು ಮನುಷ್ಯರು.

ಈ ಲೋಕದ ಜನಾಂಗಗಳು, ಯುಗಗಳು, ಯುದ್ಧಗಳು ಎಲ್ಲವೂ ಈ ಒಂದು ಸೂರ್ಯೋದಯಕ್ಕೆ ಕಟ್ಟುಬಿದ್ದಿವೆ. ಸುಮಾರು 40 ವರ್ಷ ಬರೆದ ಮೇಲೆ ಟೋಲ್ಕಿನ್ ಅದೇ ಸೂರ್ಯೋದಯವನ್ನು ಕಿತ್ತುಹಾಕಲು ಹೊರಟರು. ಯಾಕೆ ಹೊರಟರು, ಕೀಳಲು ಯಾಕೆ ಆಗಲಿಲ್ಲ ಎಂಬುದು ಈ ಕಲ್ಪಿತ ಲೋಕದ ಇತಿಹಾಸದಷ್ಟೇ ದೊಡ್ಡ ಇತಿಹಾಸ.

ಮೂಲ ಕಲ್ಪನೆ ಹಳೆಯದು. 1916ರ ಕೊನೆಯಲ್ಲಿ ಸೊಮ್ ಯುದ್ಧಭೂಮಿಯಿಂದ ಜ್ವರ ಹಿಡಿದು ಇಂಗ್ಲೆಂಡಿಗೆ ಮರಳಿದ ಟೋಲ್ಕಿನ್ ಮುಂದಿನ ಕೆಲವು ವರ್ಷಗಳಲ್ಲಿ ಬರೆದ ಮೊದಲ ಕಥೆಗಳಲ್ಲೇ ಸೂರ್ಯ ಲೌರೆಲಿನ್‌ನ ಹಣ್ಣು. ಆ ಹಣ್ಣಿನಿಂದ ಹಡಗು ಮಾಡಿ, ಉರ್ವೆಂದಿ ಎಂಬ ಕನ್ಯೆಯ ಕೈಗೆ ಚುಕ್ಕಾಣಿ ಕೊಟ್ಟು ಆಕಾಶಕ್ಕೆ ಬಿಡುತ್ತಾರೆ. ಭೂಮಿ ಚಪ್ಪಟೆ, ಹಡಗು ಪಶ್ಚಿಮದಲ್ಲಿ ಇಳಿದು, ಅಡಿಯಿಂದ ಹಾದು, ಮತ್ತೆ ಪೂರ್ವಕ್ಕೆ ಬರಬೇಕು. ಅಲ್ಲಿ ಇಸವಿಯ ಗೊಡವೆಯೇ ಇಲ್ಲ. ಪುರಾಣಕ್ಕೆ ಅದು ಬೇಕಾಗಿಯೂ ಇರಲಿಲ್ಲ.

ಇಸವಿ ಬಂದದ್ದು 1930ರ ದಶಕದಲ್ಲಿ, ಅವರು ವರ್ಷಾನುಕ್ರಮದ ದಾಖಲೆಗಳ ರೂಪದಲ್ಲಿ ಬರೆಯತೊಡಗಿದಾಗ. ಸೂರ್ಯನೇ ಇಲ್ಲದ ಕಾಲವನ್ನು ಅಳೆಯುವುದು ಹೇಗೆ? ಮೊದಲಿಗೆ ಸರಳ ಉತ್ತರ: ದೇವತೆಗಳ 1 ವರ್ಷವೆಂದರೆ ಈಗಿನ 10 ವರ್ಷ. ದೇವತೆಗಳ ಒಂದು ದಿನ ಮನುಷ್ಯರ ಒಂದು ವರ್ಷ, ಅಂಥ 360 ಸೇರಿದರೆ ಒಂದು ದಿವ್ಯವರ್ಷ ಎಂಬ ಲೆಕ್ಕ ಕೇಳಿ ಬೆಳೆದ ನಮಗೆ ಇದು ಹೊಸದಲ್ಲ. ಆದರೆ ಟೋಲ್ಕಿನ್ ಅಷ್ಟಕ್ಕೇ ನಿಲ್ಲಲಿಲ್ಲ. 1950ರ ದಶಕದ ಆರಂಭದ ದಾಖಲೆಯಲ್ಲಿ ಮರಗಳನ್ನೇ ಗಡಿಯಾರ ಮಾಡಿದರು. ಪ್ರತಿ ಮರ 7 ಗಂಟೆ ಬೆಳಗಿ ಆರುತ್ತದೆ. ಒಂದು ಪೂರ್ತಿ ಆರುವುದಕ್ಕೆ 1 ಗಂಟೆ ಮೊದಲು ಇನ್ನೊಂದು ಬೆಳಗತೊಡಗುತ್ತದೆ. 7ಕ್ಕೆ 7 ಕೂಡಿಸಿ, ಎರಡೂ ಬೆರೆಯುವ ಎರಡು ಗಂಟೆ ಕಳೆದರೆ ದಿನಕ್ಕೆ 12 ಗಂಟೆ. ಆ ಒಂದೊಂದು ಗಂಟೆ ನಮ್ಮ 7 ಗಂಟೆಗೆ ಸಮ, ಅಂದರೆ ಮರಗಳ 1 ದಿನ ನಮ್ಮ 84 ಗಂಟೆ, ಮೂರೂವರೆ ದಿನ. ಅಂಥ 1,000 ದಿನಕ್ಕೆ ಒಂದು ದೇವವರ್ಷ: ನಮ್ಮ 3,500 ದಿನ. ಅದನ್ನು 365.25ರಿಂದ ಭಾಗಿಸಿದರೆ ನಮ್ಮ 9.582 ವರ್ಷ. ಮೂರು ದಶಾಂಶ ಸ್ಥಾನದವರೆಗಿನ ಈ ಸಂಖ್ಯೆ ಅವರದೇ.

ಈ ಅಳತೆಗೋಲು ಹಿಡಿದು ನೋಡಿದರೆ ತೊಡಕು ಕಣ್ಣಿಗೆ ಬೀಳುತ್ತದೆ. ಮರಗಳ ಕಾಲದ 1050ರಲ್ಲಿ ಎಲ್ಫ್‌ಗಳ ಜನನ, 1495ರಲ್ಲಿ ಮರಗಳ ಸಾವು, 1500ರಲ್ಲಿ ಸೂರ್ಯೋದಯ. ಎಲ್ಫ್‌ಗಳು ಹುಟ್ಟಿ ಸೂರ್ಯ ಮೂಡುವವರೆಗೆ 450 ದೇವವರ್ಷ, ಅಂದರೆ ನಮ್ಮ ಸುಮಾರು 4,312 ವರ್ಷ. ಸಾವಿಲ್ಲದ ಎಲ್ಫ್‌ಗಳಿಗೆ ಇದು ಹೇಗೋ ಸಾಕು. ಮನುಷ್ಯರ ಪಾಡು ಬೇರೆ. ಅವರು ಹುಟ್ಟಿದ್ದು ಸೂರ್ಯನ ಮೊದಲ ವರ್ಷದಲ್ಲಿ. ಬೆಯೋರ್ ಎಂಬ ಮುಖಂಡನ ಜನ ನೀಲಿ ಬೆಟ್ಟಗಳನ್ನು ದಾಟಿ ಎಲ್ಫ್‌ಗಳ ನಾಡಾದ ಬೆಲೆರಿಯಾಂಡ್‌ಗೆ ಕಾಲಿಟ್ಟದ್ದು 310ರಲ್ಲಿ. ಅವರ ಹಿಂದೆಯೇ ಹಲೆತ್‌ನ ಜನ, ಮರಾಖ್‌ನ ಜನ.

25 ವರ್ಷಕ್ಕೊಂದು ತಲೆಮಾರು ಎಂದಿಟ್ಟುಕೊಂಡರೂ 310 ವರ್ಷಕ್ಕೆ ಹನ್ನೆರಡು ತಲೆಮಾರು ಮಾತ್ರ. ಅಷ್ಟರೊಳಗೆ ಮನುಷ್ಯರು ಹೆಚ್ಚಿ, ಹರಡಿ, ಹಲವು ಕುಲಗಳಾಗಿ ಒಡೆದು, ಖಂಡದ ಪೂರ್ವದ ತುದಿಯಿಂದ ಪಶ್ಚಿಮಕ್ಕೆ ನಡೆದು ಬಂದಿರಬೇಕು. ಹಲೆತ್‌ನ ಜನರ ಮಾತು ಉಳಿದೆರಡು ಕುಲಗಳವರಿಗೆ ಅರ್ಥವಾಗುವುದಿಲ್ಲ. ಸಾಲದ್ದಕ್ಕೆ, ತಮ್ಮ ಬೆನ್ನ ಹಿಂದೆ ಒಂದು ಕತ್ತಲಿದೆ, ಅದರ ಸುದ್ದಿ ಎತ್ತಲಾರೆವು ಎನ್ನುತ್ತಾನೆ ಬೆಯೋರ್. ಆ ಕತ್ತಲು ಅಜ್ಜನ ಅಜ್ಜ ಕಣ್ಣಾರೆ ಕಂಡದ್ದಾದರೆ ಅದಕ್ಕೆ ಪುರಾಣದ ಮಬ್ಬು ಬರುವುದಿಲ್ಲ, ಹೆಸರು ಹಿಡಿದು ಹೇಳುವಷ್ಟು ಹತ್ತಿರದ ನೆನಪಾಗುತ್ತದೆ. ಜೀವಮಾನವಿಡೀ ಭಾಷೆಗಳು ಒಂದರಿಂದೊಂದು ಕವಲೊಡೆಯುವುದನ್ನು ಪಾಠ ಹೇಳಿದ ಆಕ್ಸ್‌ಫರ್ಡ್ ಪ್ರಾಧ್ಯಾಪಕರಿಗೆ ಈ ಬಿರುಕು ಎಷ್ಟು ಚುಚ್ಚಿರಬೇಕು!

ಮೆಲ್ಕೋರ್‌ನ ಸೈನಿಕರಾದ ಓರ್ಕ್‌ಗಳ ಮೂಲದ ಪ್ರಶ್ನೆಯೂ ಇಲ್ಲಿಗೇ ಬಂದು ನಿಲ್ಲುತ್ತದೆ. ಓರ್ಕ್‌ಗಳು ಸೆರೆಸಿಕ್ಕ ಎಲ್ಫ್‌ಗಳನ್ನು ಹಿಂಸಿಸಿ ಕೆಡಿಸಿದ ತಳಿ ಎಂಬ ವಿವರಣೆ ಕೊನೆಗಾಲದಲ್ಲಿ ಟೋಲ್ಕಿನ್‌ಗೆ ಹಿಡಿಸದಾಯಿತು. ಓರ್ಕ್‌ಗಳು ಕೆಡಿಸಿದ ಮನುಷ್ಯರ ತಳಿ ಎಂದು ತಿದ್ದಬೇಕೆಂದುಕೊಂಡರು. ಆದರೆ ಓರ್ಕ್‌ಗಳು ಸೂರ್ಯೋದಯಕ್ಕೆ ಮೊದಲೇ ಯುದ್ಧದಲ್ಲಿದ್ದಾರೆ, ಮನುಷ್ಯರು ಆಗಿನ್ನೂ ಹುಟ್ಟೇ ಇಲ್ಲ. ಒಂದು ಜನಾಂಗದ ಹುಟ್ಟನ್ನು ತಿದ್ದಬೇಕೆಂದರೆ ಇನ್ನೊಂದು ಜನಾಂಗದ ಹುಟ್ಟುದಿನವನ್ನೇ ಹಿಂದಕ್ಕೆ ಎಳೆಯಬೇಕು.

ಭೂಮಿಯ ಆಕಾರದ ತಕರಾರು ಇದಕ್ಕೂ ಹಳೆಯದು. 1936ರ ಸುಮಾರಿಗೆ ನೂಮೆನೋರ್ ಎಂಬ ಮುಳುಗಿದ ದ್ವೀಪದ ಕಥೆ ಹುಟ್ಟಿತು. ದೈತ್ಯ ಅಲೆಯೊಂದು ಹಸಿರು ನೆಲವನ್ನು ನುಂಗುವ ಕನಸು ಟೋಲ್ಕಿನ್‌ಗೆ ಮತ್ತೆ ಮತ್ತೆ ಬೀಳುತ್ತಿತ್ತು; ಬೀಜ ಅಲ್ಲಿಯದು. ಎರಡನೆಯ ಯುಗದ 32ರಲ್ಲಿ ಮನುಷ್ಯರು ನೆಲೆಯೂರಿದ ಆ ದ್ವೀಪ 3319ರಲ್ಲಿ ಮುಳುಗುತ್ತದೆ. ಅದೇ ಹೊತ್ತಿಗೆ ಚಪ್ಪಟೆ ಭೂಮಿ ಬಾಗಿ ದುಂಡಾಗುತ್ತದೆ, ದೇವತೆಗಳ ನಾಡು ಅದರಿಂದ ಬೇರ್ಪಡುತ್ತದೆ, ಎಲ್ಫ್‌ಗಳ ಹಡಗಿಗೆ ಮಾತ್ರ ಹಳೆಯ ನೇರ ದಾರಿ ಉಳಿಯುತ್ತದೆ. ಪುರಾಣದ ಭೂಮಿಯನ್ನೂ ವಿಜ್ಞಾನದ ಭೂಮಿಯನ್ನೂ ಒಂದೇ ಏಟಿಗೆ ಬೆಸೆದ ಉಪಾಯ ಇದು. ಇಡೀ ಪುರಾಣದಲ್ಲಿ ಇಷ್ಟು ಚೆಂದದ ಜೋಡಣೆ ಇನ್ನೊಂದಿಲ್ಲ.

ಆದರೂ ಅವರ ಮನಸ್ಸು ಒಪ್ಪಲಿಲ್ಲ. 1940ರ ದಶಕದ ನಡುವೆ ಸೃಷ್ಟಿಕಥೆಯ ಬೇರೊಂದು ಪಾಠ ಬರೆದರು: ಭೂಮಿ ಮೊದಲಿನಿಂದಲೂ ದುಂಡು, ಸೂರ್ಯ ಮೊದಲಿನಿಂದಲೂ ಇದ್ದಾನೆ. 1948ರಲ್ಲಿ ಎರಡೂ ಪಾಠಗಳನ್ನು ಪರಿಚಯದ ಲೇಖಕಿ ಕ್ಯಾಥರೀನ್ ಫ್ಯಾರರ್ ಅವರಿಗೆ ಓದಲು ಕೊಟ್ಟರು. ಆಕೆಗೆ ಹಿಡಿಸಿದ್ದು ಚಪ್ಪಟೆ ಭೂಮಿಯದು. ಟೋಲ್ಕಿನ್ ಮುಂದೆ ಬೆಳೆಸಿದ್ದೂ ಅದನ್ನೇ.

ನಡುವೆ ಅವರನ್ನು ಬದಲಿಸಿದ್ದು ಮೂರನೆಯ ಯುಗದ ಮಹಾಕಥನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಎಂಬುದು ನನ್ನ ಎಣಿಕೆ. 1937ರ ಡಿಸೆಂಬರ್‌ನಲ್ಲಿ ಶುರುವಾಗಿ 1954–55ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆ ಕೃತಿಯಲ್ಲಿ ದಿನ, ಮೈಲಿ, ಚಂದ್ರಕಲೆ ಎಲ್ಲವೂ ತಾಳೆಯಾಗಬೇಕು. 1944ರ ಮೇ 14ರಂದು ಮಗ ಕ್ರಿಸ್ಟೋಫರ್‌ಗೆ ಬರೆದ ಪತ್ರದಲ್ಲಿ ಒಂದು ಪೇಚು ಹೇಳಿಕೊಂಡಿದ್ದಾರೆ. ಪಾತ್ರಗಳು ಬೇರೆ ಬೇರೆ ದಾರಿ ಹಿಡಿದ ನಿರ್ಣಾಯಕ ದಿನಗಳಲ್ಲಿ ಚಂದ್ರ ಒಂದು ಕಡೆ ಹುಟ್ಟುತ್ತಿರುವಾಗಲೇ ಇನ್ನೊಂದು ಕಡೆ ಮುಳುಗುತ್ತಿದ್ದ! ಹಿಂದಿನ ಅಧ್ಯಾಯಗಳ ತುಣುಕುಗಳನ್ನು ತಿದ್ದುವುದರಲ್ಲೇ ಒಂದು ಮಧ್ಯಾಹ್ನ ಕಳೆಯಿತಂತೆ. ಆ ಕಥೆಯ ಕುಳ್ಳ ಜನಾಂಗವಾದ ಹಾಬಿಟ್‌ಗಳ ಪಂಚಾಂಗದ ಮೇಲೂ ಅಷ್ಟೇ ಶ್ರಮ ಬಿದ್ದಿದೆ: 30 ದಿನಗಳ 12 ತಿಂಗಳು, ಯಾವ ತಿಂಗಳಿಗೂ ಸೇರದ 5 ದಿನ. ಅದರಲ್ಲಿ ವರ್ಷದ ನಡುವಿನ ಒಂದು ದಿನಕ್ಕೆ ವಾರವೇ ಇಲ್ಲ. ಉಳಿದ 364 ದಿನ ಸರಿಯಾಗಿ 52 ವಾರ, ಹಾಗಾಗಿ ಯಾವ ತಾರೀಖು ಯಾವ ವಾರ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುವುದೇ ಇಲ್ಲ. ಅಧಿಕ ದಿನವನ್ನೂ ವಾರದ ಹೊರಗಿಟ್ಟು ಅದನ್ನು ಕಾಪಾಡಿದರು. ಇಂಥ ಆಕಾಶಕ್ಕೆ ಒಗ್ಗಿದ ಕೈ ಮರಳಿ ಹಣ್ಣಿನ ಸೂರ್ಯನನ್ನು ಮುಟ್ಟಿದಾಗ ಅದು ಬೇರೆಯೇ ಲೋಕದ್ದಾಗಿ ಕಂಡಿತು.

1950ರ ದಶಕದ ಕೊನೆಯ ಟಿಪ್ಪಣಿಗಳಲ್ಲಿ ಅವರ ವಾದ ಹೀಗಿದೆ. ಸೂರ್ಯ ನಿಜವಾಗಿಯೂ ಹುಟ್ಟಿ ಮುಳುಗುತ್ತದೆ ಎಂದು ನಂಬುವ ಜನರ ನಡುವೆ ಅಂಥ ಕಥೆ ಕಟ್ಟಬಹುದು; ಭೂಮಿ ದುಂಡೆಂದು ಎಲ್ಲರೂ ಬಲ್ಲ ಕಾಲದಲ್ಲಿ ಕಟ್ಟಲಾಗದು. ಎಲ್ಫ್‌ಗಳಿಗಂತೂ ದೇವತೆಗಳೇ ಗುರುಗಳು, ಖಗೋಳದ ನಿಜ ಅವರಿಗೆ ಗೊತ್ತಿರಲೇಬೇಕು. ಹಾಗಾದರೆ ಹಣ್ಣಿನ ಕಥೆ ಎಲ್ಲಿಂದ ಬಂತು? ಅದು ಎಲ್ಫ್‌ಗಳ ತಿಳಿವಳಿಕೆ ಮನುಷ್ಯರ ಬಾಯಲ್ಲಿ ಕಲಬೆರಕೆಯಾಗಿ, ನೂಮೆನೋರ್‌ನ ಮೂಲಕ ಹರಿದುಬಂದ ರೂಪ ಎಂದು ಹೇಳಿಬಿಡುವುದು. ಕಥೆಯ ತಪ್ಪನ್ನು ಕಥೆ ಹೇಳಿದವರ ತಪ್ಪಾಗಿಸುವ ದಾರಿ.

ಈ ಪರಿಹಾರ ಎಷ್ಟು ಜಾಣತನದ್ದೋ ಅಷ್ಟೇ ಅಪಾಯದ್ದು. ಮರಗಳು ಸತ್ತಾಗ ಲೋಕಕ್ಕೆ ಕತ್ತಲು ಕವಿಯುವುದು ಬೇರೆ ಬೆಳಕಿಲ್ಲದ್ದರಿಂದ. ಆ ಬೆಳಕಿನ ಕೊನೆಯ ಹನಿ ಮೂರು ಸಿಲ್ಮರಿಲ್ ಮಣಿಗಳಲ್ಲಿ ಮಾತ್ರ ಉಳಿದಿದೆ ಎಂಬುದರಿಂದಲೇ ಅವುಗಳಿಗಾಗಿ ರಕ್ತ ಹರಿಯುತ್ತದೆ. ನೆತ್ತಿಯ ಮೇಲೆ ಆಗಲೇ ಸೂರ್ಯನಿದ್ದರೆ ಆ ಕತ್ತಲಿಗೆ ಅರ್ಥವೆಲ್ಲಿ, ಮಣಿಗಳಿಗೆ ಬೆಲೆಯೆಲ್ಲಿ? ಟೋಲ್ಕಿನ್ ತೇಪೆ ಹಚ್ಚಿ ನೋಡಿದರು. ಮೆಲ್ಕೋರ್ ಸೂರ್ಯನನ್ನು ಮೈಲಿಗೆ ಮಾಡಿದ, ಮರಗಳು ಮಾತ್ರ ಆ ಮೈಲಿಗೆಗೆ ಮುಂಚಿನ ಶುದ್ಧ ಬೆಳಕನ್ನು ಉಳಿಸಿಕೊಂಡಿದ್ದವು. ಕೆಟ್ಟ ಸೂರ್ಯನ ಬೆಳಕು ಬೀಳದಂತೆ ವರ್ದಾ ದೇವಿ ತಮ್ಮ ನಾಡಿನ ಮೇಲೆ ನಕ್ಷತ್ರ ಚುಕ್ಕಿಯಿಟ್ಟ ಗುಮ್ಮಟ ಕವಿಸಿದಳು. ಅಶುದ್ಧ ಸೂರ್ಯನ ಕಲ್ಪನೆಯಲ್ಲಿ ಶಕ್ತಿಯಿದೆ. ಗುಮ್ಮಟ ಮಾತ್ರ ಚಾವಣಿ ಸೋರುವಲ್ಲಿ ಹಾಸಿದ ತಗಡಿನಂತೆ ಕಾಣುತ್ತದೆ.

ಕಾಲದ ತೊಡಕಿಗೆ ಬೇರೆ ಮದ್ದು ಹುಡುಕಿದರು: ದೇವವರ್ಷವನ್ನೇ ಹಿಗ್ಗಿಸುವುದು. ಎಲ್ಫ್‌ಗಳು ಆರು, ಹನ್ನೆರಡರಲ್ಲಿ ಎಣಿಸುವವರು. ಅವರ ದೀರ್ಘವರ್ಷ ‘ಯೇನ್’ ನಮ್ಮ 144 ವರ್ಷ, ಹನ್ನೆರಡು ಹನ್ನೆರಡಲಿ. ಹೊಸ ಲೆಕ್ಕದಲ್ಲಿ 1 ದೇವವರ್ಷಕ್ಕೂ 144 ಸೌರವರ್ಷ, ಮನುಷ್ಯರ ಹುಟ್ಟು ಸೂರ್ಯೋದಯದಿಂದ ಕಳಚಿ ಬಹಳ ಹಿಂದಕ್ಕೆ. ಮೊದಲು ಎಚ್ಚರಗೊಂಡ ಎಲ್ಫ್‌ಗಳೂ 144 ಮಂದಿ: 14, 56, 74ರ ಮೂರು ಗುಂಪು. ಅಷ್ಟು ಜನರಿಂದ ಎಷ್ಟು ತಲೆಮಾರಿಗೆ ಎಷ್ಟು ಸಂಖ್ಯೆ ಎಂದು ಪುಟಗಟ್ಟಲೆ ಕೋಷ್ಟಕ ಹಾಕಿದರು. ಆ ಹಾಳೆಗಳು ಅಚ್ಚಾದದ್ದು 2021ರಲ್ಲಿ.

1973ರಲ್ಲಿ ಟೋಲ್ಕಿನ್ ತೀರಿಕೊಂಡಾಗ ಹೊಸ ಖಗೋಳಕ್ಕೆ ಹೊಂದುವ ಪೂರ್ಣ ಕಥೆ ಒಂದೂ ಇರಲಿಲ್ಲ, ಇದ್ದದ್ದು ಟಿಪ್ಪಣಿಗಳು. ಕ್ರಿಸ್ಟೋಫರ್ 1977ರಲ್ಲಿ ‘ದಿ ಸಿಲ್ಮರಿಲಿಯನ್’ ಎಂದು ಹೊರತಂದ ಪುರಾಣದಲ್ಲಿ ಹಣ್ಣಿನ ಸೂರ್ಯನೇ ಉಳಿದ. ಉಳಿಸಿದ್ದು ಸರಿ. ಟಿಪ್ಪಣಿಗಳನ್ನು 1993ರಲ್ಲಿ ಬೇರೆಯಾಗಿ ಪ್ರಕಟಿಸಿದರು.

ಈಗ ಈ ಲೋಕದ ಕಾಲಗಣನೆ ಮಾಡುವವರು ಎಡವುವುದು ಎರಡು ಅಳತೆಗೋಲುಗಳನ್ನು ಬೆರೆಸುವಲ್ಲಿ. ಎಲ್ಫ್ ಕುಲದ ಗಲಾಡ್ರಿಯೆಲ್‌ಳನ್ನೇ ನೋಡಿ. 9.582ರ ಲೆಕ್ಕದ ದಾಖಲೆಯಲ್ಲಿ ಅವಳು ಹುಟ್ಟಿದ್ದು ಮರಗಳ 1362ರಲ್ಲಿ. ಸೂರ್ಯೋದಯಕ್ಕೆ 138 ದೇವವರ್ಷ, ಅಂದರೆ 1,322 ವರ್ಷ. ಅದಕ್ಕೆ ಮೊದಲ ಯುಗದ ಸುಮಾರು 590, ಎರಡನೆಯದರ 3,441, ಮೂರನೆಯದರ 3,021 ಕೂಡಿಸಿದರೆ ಆ ಯುಗದ ಕೊನೆಗೆ ಕಡಲು ದಾಟಿ ದೇವತೆಗಳ ನಾಡಿಗೆ ಹೊರಟಾಗ ಅವಳಿಗೆ 8,370ರ ಆಸುಪಾಸು. ಅದೇ 138ನ್ನು 144ರಿಂದ ಗುಣಿಸಿದರೆ ಸೂರ್ಯೋದಯದ ಹೊತ್ತಿಗೇ 19,872 ಆಗಿಬಿಡುತ್ತದೆ. ಆ ಸಂಖ್ಯೆ ಟೋಲ್ಕಿನ್ ಬರೆದ ಯಾವ ಕಥೆಗೂ ಸೇರದು. ಗುಣಕ ಬದಲಿಸಿದಾಗ ಅವರು ತಾರೀಖುಗಳನ್ನೂ ಹೊಸದಾಗಿ ಹಾಕಲು ಹೊರಟಿದ್ದರು. ಆದ್ದರಿಂದ ಸೂರ್ಯೋದಯಕ್ಕೆ ಹಿಂದಿನ ಯಾವ ಇಸವಿ ಕಂಡರೂ ಅದು ಯಾವ ದಶಕದ ಕರಡಿನದು ಎಂದು ಮೊದಲು ನೋಡಿ, ಆ ಕರಡಿನ ಗುಣಕವನ್ನೇ ಹಿಡಿಯಬೇಕು. 1977ರ ಪುಸ್ತಕದಲ್ಲಿ ಹುಡುಕಿ ಪ್ರಯೋಜನವಿಲ್ಲ; ಅದರಲ್ಲಿ ಮರಗಳ ಕಾಲದ ಒಂದು ಇಸವಿಯನ್ನೂ ಕೊಟ್ಟಿಲ್ಲ.