ಬಿಕೆಸಿ ಮೈದಾನದಲ್ಲಿ ಮೊಳಗಿದ ಹಾಡು ಯಾರದು?

ಅಕ್ಕನ ಮಗಳ ಮೊಬೈಲಿನಲ್ಲಿ ಇಪ್ಪತ್ತು ಸೆಕೆಂಡಿನ ಒಂದು ವಿಡಿಯೊ ಇದೆ. 2024ರ ನವೆಂಬರ್ 30ರ ರಾತ್ರಿ ಮುಂಬಯಿಯ ಬಾಂದ್ರಾ-ಕುರ್ಲಾ ಸಂಕೀರ್ಣದ (ಬಿಕೆಸಿ) ಎಂಎಂಆರ್‌ಡಿಎ ಮೈದಾನದಲ್ಲಿ ತೆಗೆದದ್ದು. ಡೊಂಬಿವಲಿಯಿಂದ ಲೋಕಲ್ ಹಿಡಿದು, ಕುರ್ಲಾದಲ್ಲಿ ಇಳಿದು, ಆಟೊ ಸಿಗದೆ ನಡೆದೇ ಹೋಗಿದ್ದಳಂತೆ. ಚಿತ್ರ ಅಲುಗಾಡುತ್ತದೆ, ಮುಂದಿನವರ ಕೈಗಳೇ ಹೆಚ್ಚು ಕಾಣುತ್ತವೆ. ವೇದಿಕೆಯ ಮೇಲೆ ಬ್ರಿಟನ್ನಿನ ಪಾಪ್ ಗಾಯಕಿ ದುವಾ ಲಿಪಾ ತಮ್ಮ 'ಲೆವಿಟೇಟಿಂಗ್' ಹಾಡುತ್ತಿದ್ದಾರೆ. ನೋಡನೋಡುತ್ತಲೇ ಅದರ ತಾಳದ ಮೇಲೆ ಹಳೆಯ ಹಿಂದಿ ಸಿನಿಮಾ ಹಾಡು 'ವೋ ಲಡ್ಕಿ ಜೋ' ಬಂದು ಕೂರುತ್ತದೆ. ಆಮೇಲೆ ಕೇಳುವುದು ಗಾಯಕಿಯ ದನಿಯಲ್ಲ, ಮೈದಾನದ ದನಿ.

ಮರುದಿನ ಎಲ್ಲಿ ನೋಡಿದರೂ ಒಂದೇ ಸುದ್ದಿ: ಶಾರುಖ್ ಖಾನ್ ಹಾಡಿಗೆ ದುವಾ ಲಿಪಾ ಕುಣಿದರು. ಶಾರುಖ್ ಆ ಹಾಡಿಗೆ ತುಟಿ ಆಡಿಸಿದವರು. 1999ರ 'ಬಾದ್‌ಷಾ' ಚಿತ್ರದ ಆ ಹಾಡನ್ನು ಹಾಡಿದವರು ಅಭಿಜಿತ್ ಭಟ್ಟಾಚಾರ್ಯ, ರಾಗ ಹಾಕಿದವರು ಅನು ಮಲಿಕ್, ಬರೆದವರು ಜಾವೇದ್ ಅಖ್ತರ್. ಈ ಹೆಸರುಗಳು ಎಲ್ಲೂ ಇಲ್ಲವಲ್ಲ ಎಂಬ ಬೇಸರ ಅಭಿಜಿತ್ ಅವರ ಮನೆಯಿಂದಲೇ ಬಹಿರಂಗವಾಗಿ ಕೇಳಿಬಂತು. ಕೆಲವರು ಅದನ್ನು ಹೊಟ್ಟೆಕಿಚ್ಚು ಎಂದರು. ನನಗೆ ಹಾಗೆ ಅನ್ನಿಸಲಿಲ್ಲ. ಆ ಬೇಸರಕ್ಕೆ ಈ ಊರಿನಲ್ಲಿ ಮುಕ್ಕಾಲು ಶತಮಾನದ ಚರಿತ್ರೆ ಇದೆ. ಇನ್ನೊಂದು ತುದಿಯಲ್ಲಿ, 'ಲೆವಿಟೇಟಿಂಗ್' ಇರುವ ಆಲ್ಬಮ್ ಹುಟ್ಟಿದ ರೀತಿಗೂ ಇದೇ ಪ್ರಶ್ನೆ ಅಂಟಿಕೊಂಡಿದೆ.

ದುವಾ ಲಿಪಾ ಹುಟ್ಟಿದ್ದು 1995ರಲ್ಲಿ, ಲಂಡನ್ನಿನಲ್ಲಿ. ತಂದೆ-ತಾಯಿ ಕೊಸೊವೊದ ಅಲ್ಬೇನಿಯನ್ನರು. ಹನ್ನೊಂದರ ವಯಸ್ಸಿನಲ್ಲಿ ಕುಟುಂಬದೊಂದಿಗೆ ಪ್ರಿಸ್ಟಿನಾಕ್ಕೆ ಹೋಗಿ, ಹದಿನೈದಕ್ಕೆ ಹಾಡುಗಾರ್ತಿಯಾಗುವ ಹಟದಿಂದ ಲಂಡನ್ನಿಗೆ ವಾಪಸು ಬಂದರು. 2017ರ ಮೊದಲ ಆಲ್ಬಮ್ ಅವರಿಗೆ ಹೆಸರು ತಂದುಕೊಟ್ಟಿತು, ಬೆನ್ನಿಗೇ ಗೇಲಿಯನ್ನೂ ತಂದಿತು. ವೇದಿಕೆಯ ಮೇಲೆ ಸೊಂಟವನ್ನು ಅತ್ತಿತ್ತ ತಿರುಗಿಸುವ ಅವರ ಒಂದು ತುಣುಕು ಜಗತ್ತನ್ನೆಲ್ಲ ಸುತ್ತಿತು, ಈಕೆಗೆ ಕುಣಿತ ಬಾರದು, ಉತ್ಸಾಹವೇ ಇಲ್ಲ ಎಂದು ಜನ ಆಡಿಕೊಂಡರು. 2019ರ ಆರಂಭದಲ್ಲಿ ಅತ್ಯುತ್ತಮ ಹೊಸ ಕಲಾವಿದೆ ಎಂಬ ಗ್ರಾಮಿ ಸಂಗೀತ ಪ್ರಶಸ್ತಿ ಬಂದರೂ ಎರಡನೆಯ ಆಲ್ಬಮಿನ ಭಯ ಹೋಗುವಂಥದ್ದಲ್ಲ. ಮೊದಲನೆಯದಕ್ಕೆ ಅಲ್ಲಿಯವರೆಗಿನ ಬದುಕೆಲ್ಲ ಬಂಡವಾಳ, ಎರಡನೆಯದಕ್ಕೆ ಎರಡೋ ಮೂರೋ ವರ್ಷ ಮಾತ್ರ. ಮೊದಲ ಸಂಕಲನದಲ್ಲಿ ಮಿಂಚಿ ಎರಡನೆಯದರಲ್ಲಿ ಮಂಕಾದ ಕವಿಗಳನ್ನು ಕಂಡ ಕನ್ನಡದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದುವಾ ಆಗ ಮಾಡಿದ್ದು ಹಿಂದಕ್ಕೆ ತಿರುಗಿ ನೋಡುವ ಕೆಲಸ. ಎಪ್ಪತ್ತು-ಎಂಬತ್ತರ ದಶಕದ ಡಿಸ್ಕೊ, ದಪ್ಪ ಬೇಸ್ ಗಿಟಾರ್, ಪ್ರತಿ ಮಾತ್ರೆಗೂ ಒಂದು ಡ್ರಮ್ ಪೆಟ್ಟು. 'ಫ್ಯೂಚರ್ ನಾಸ್ಟಾಲ್ಜಿಯಾ' ಎಂಬ ಈ ಎರಡನೆಯ ಆಲ್ಬಮಿನ ಹೆಸರಿನಲ್ಲೇ ನಾಳೆಯೂ ಇದೆ, ನೆನಪೂ ಇದೆ. ಮೊದಲ ಹಾಡು 'ಡೋಂಟ್ ಸ್ಟಾರ್ಟ್ ನೌ' 2019ರ ಅಕ್ಟೋಬರ್ ಕೊನೆಗೆ ಬಂತು. ಎರಡೇ ವಾರದಲ್ಲಿ, ನವೆಂಬರ್ 16ರಂದು, ಅವರು ನವಿ ಮುಂಬಯಿಯ ನೆರೂಳಿನ ಡಿ.ವೈ. ಪಾಟೀಲ ಕ್ರೀಡಾಂಗಣದಲ್ಲಿ ಹಾಡುತ್ತಿದ್ದರು. ಆ ರಾತ್ರಿಯ ದೊಡ್ಡ ಹೆಸರು ಅಮೆರಿಕದ ಗಾಯಕಿ ಕೇಟಿ ಪೆರ್ರಿ.

ಆಲ್ಬಮ್ ಬರಬೇಕಾಗಿದ್ದದ್ದು 2020ರ ಏಪ್ರಿಲ್ 3ಕ್ಕೆ. ಅಷ್ಟರಲ್ಲಿ ಅದು ಸೋರಿಹೋಯಿತು. ಜನ ಸಾಯುತ್ತಿರುವ ಹೊತ್ತಿನಲ್ಲಿ ಕುಣಿತದ ಹಾಡು ಹೊರತರುವುದು ಸರಿಯೇ ಎಂದು ಇನ್‌ಸ್ಟಾಗ್ರಾಂ ನೇರಪ್ರಸಾರದಲ್ಲಿ ಕಣ್ಣೀರಿಟ್ಟು, ಕೊನೆಗೆ ಒಂದು ವಾರ ಮೊದಲೇ, ಮಾರ್ಚ್ 27ಕ್ಕೆ ಬಿಡುಗಡೆ ಮಾಡಿದರು. ನಮ್ಮಲ್ಲಿ ಲಾಕ್‌ಡೌನ್ ಶುರುವಾಗಿ ಮೂರು ದಿನವಾಗಿತ್ತು. ಲೋಕಲ್ ನಿಂತ ಮುಂಬಯಿಯಲ್ಲಿ, ಒಂದೇ ಕೋಣೆಯ ಮನೆಗಳಲ್ಲಿ, ಮಕ್ಕಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಗೋಡೆಗೆ ಮುಖಮಾಡಿ ಕುಣಿದ ಹಾಡುಗಳಿವು. 2021ರಲ್ಲಿ ಅದಕ್ಕೆ ಅತ್ಯುತ್ತಮ ಪಾಪ್ ಆಲ್ಬಮಿನ ಗ್ರಾಮಿ ಬಂತು. 'ಲೆವಿಟೇಟಿಂಗ್' ಅಮೆರಿಕದ ಬಿಲ್‌ಬೋರ್ಡ್ ವಾರದ ಪಟ್ಟಿಯಲ್ಲಿ ಎರಡನೆಯ ಸ್ಥಾನ ದಾಟಲೇ ಇಲ್ಲ, ಆದರೂ ತಿಂಗಳುಗಟ್ಟಲೆ ಕೆಳಗಿಳಿಯದೆ 2021ರ ಇಡೀ ವರ್ಷದ ಪಟ್ಟಿಯಲ್ಲಿ ಮೊದಲನೆಯದಾಯಿತು. ಜನ ನಕ್ಕಿದ್ದ ಆ ಸೊಂಟದ ತಿರುಗನ್ನು 2022ರ ಪ್ರವಾಸದಲ್ಲಿ ಬೇಕೆಂದೇ ವೇದಿಕೆಗೆ ತಂದರು. ಈ ಸಲ ಜನ ಅದಕ್ಕಾಗಿಯೇ ಕಾದು ಕೂಗಿದರು.

ಈ ಆಲ್ಬಮಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಹಳಬರ ಜೊತೆ ಅದು ಇಟ್ಟುಕೊಂಡ ಲೆಕ್ಕಾಚಾರ. 'ಬ್ರೇಕ್ ಮೈ ಹಾರ್ಟ್' ಹಾಡಿನಲ್ಲಿ ಆಸ್ಟ್ರೇಲಿಯದ ಐಎನ್‌ಎಕ್ಸ್‌ಎಸ್ ತಂಡದ ಗಿಟಾರಿನ ಗುಂಗಿದೆ. ಹಾಗಾಗಿ ಆ ತಂಡದ ಆಂಡ್ರ್ಯೂ ಫ್ಯಾರಿಸ್, ಮೈಕೆಲ್ ಹಚೆನ್ಸ್ ಇಬ್ಬರ ಹೆಸರೂ ರಚನೆಕಾರರ ಸಾಲಿನಲ್ಲಿದೆ. 'ಲವ್ ಅಗೇನ್' ಹಾಡಿನ ತುತ್ತೂರಿ 1932ರ ಒಂದು ಧ್ವನಿಮುದ್ರಿಕೆಯದು. ಅದನ್ನೇ 1997ರಲ್ಲಿ ಬಳಸಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಏರಿದವರು ನಮ್ಮ ರೂರ್ಕೆಲಾದಲ್ಲಿ ಹುಟ್ಟಿದ ಜ್ಯೋತಿ ಮಿಶ್ರಾ. ದುವಾ ಅವರ ಹಾಡಿನ ರಚನೆಕಾರರ ಸಾಲಿನಲ್ಲಿ ಆ 1932ರ ಹಾಡನ್ನು ರಚಿಸಿದ ಮೂವರೂ ಇದ್ದಾರೆ, ಅವರಲ್ಲೊಬ್ಬರು ಅಮೆರಿಕದ ಹೆಸರಾಂತ ಗಾಯಕ ಬಿಂಗ್ ಕ್ರಾಸ್ಬಿ. ಸತ್ತು ದಶಕಗಳಾದವರ ಹೆಸರನ್ನೂ ಬಿಟ್ಟಿಲ್ಲ. ಇದು ಸೌಜನ್ಯ ಮಾತ್ರವಲ್ಲ, ಅಲ್ಲಿ ಹೆಸರಿದ್ದವರಿಗೆ ಹಣವೂ ಹೋಗುತ್ತದೆ. ತಕರಾರು ಇಲ್ಲದೆಯೂ ಇಲ್ಲ. 'ಲೆವಿಟೇಟಿಂಗ್' ತಮ್ಮ 1979-80ರ ಹಾಡುಗಳ ನಕಲು ಎಂದು ಇಬ್ಬರು ರಚನೆಕಾರರು ನ್ಯೂಯಾರ್ಕಿನಲ್ಲಿ ಹೂಡಿದ ದಾವೆಯನ್ನು, ಹೋಲಿಕೆ ಇರುವುದು ಎಲ್ಲರಿಗೂ ಸೇರಿದ ಸಂಗೀತದ ಮೂಲಾಂಶಗಳಲ್ಲಿ ಎಂದು ನ್ಯಾಯಾಲಯ 2025ರ ಮಾರ್ಚಿನಲ್ಲಿ ವಜಾ ಮಾಡಿತು.

ಎರಡು ಹಾಡುಗಳು ಅಷ್ಟು ಸಲೀಸಾಗಿ ಬೆರೆತದ್ದು ಹೇಗೆ? 'ಲೆವಿಟೇಟಿಂಗ್' ನಿಮಿಷಕ್ಕೆ 103 ಮಾತ್ರೆಗಳ ಲಯದಲ್ಲಿ ನಡೆಯುತ್ತದೆ. ಅದರ ಸ್ವರಮೇಳಗಳು ಪಲ್ಲವಿಗೂ ಚರಣಕ್ಕೂ ಬದಲಾಗದೆ ಒಂದೇ ಸುತ್ತಿನಲ್ಲಿ ತಿರುಗುತ್ತವೆ. ನಮ್ಮ ಭಜನಾ ಮಂಡಳಿಯಲ್ಲಿ ಶ್ರುತಿ, ತಾಳ ಬದಲಿಸದೆ ಒಂದು ಕೀರ್ತನೆಯಿಂದ ಇನ್ನೊಂದಕ್ಕೆ ಜಾರುತ್ತಾರಲ್ಲ, ಹಾಗೆ. ತಳ ಸ್ಥಿರವಾಗಿದ್ದರೆ ಮೇಲೆ ಯಾವ ಧಾಟಿಯನ್ನಾದರೂ ಕೂರಿಸಬಹುದು. ಇದನ್ನು ಮೊದಲು ಹೊಂದಿಸಿದ್ದು ಗಾಯಕಿಯಲ್ಲ, ರೀಲ್ಸ್‌ನಲ್ಲಿ ಮ್ಯಾಶಪ್ ಮಾಡಿ, ಅಂದರೆ ಎರಡು ಹಾಡುಗಳನ್ನು ಬೆರೆಸಿ ಒಂದಾಗಿಸಿ, ಹರಿಬಿಟ್ಟ ಹುಡುಗರು. ಅದು ವೇದಿಕೆಗೆ ಬಂದದ್ದು ಆಮೇಲೆ. ಇನ್ನು ಮುಂಬಯಿಯ ಕಿವಿಗೆ ಡಿಸ್ಕೊ ಹೊಸತೇನಲ್ಲ. 1980ರಲ್ಲಿ 'ಕುರ್ಬಾನಿ' ಚಿತ್ರಕ್ಕೆ ನಾಜಿಯಾ ಹಸನ್ ದನಿಯಲ್ಲಿ ಡಿಸ್ಕೊ ಕೊಟ್ಟವರು ಬಿದ್ದು, ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. 1974ರಲ್ಲೇ 'ಕುಂಗ್ ಫು ಫೈಟಿಂಗ್' ನಿರ್ಮಿಸಿ ಜಗತ್ತನ್ನು ಕುಣಿಸಿದ್ದ ನಮ್ಮ ಮನುಷ್ಯ.

ಹೆಸರಿನ ವಿಷಯಕ್ಕೆ ಬರೋಣ. 1949ರಲ್ಲಿ 'ಮಹಲ್' ಚಿತ್ರದ 'ಆಯೇಗಾ ಆನೇವಾಲಾ' ಹಾಡಿನ ಗ್ರಾಮಫೋನ್ ತಟ್ಟೆ ಹೊರಬಂದಾಗ ಅದರ ಮೇಲೆ ಗಾಯಕಿಯ ಹೆಸರಿರಬೇಕಾದ ಜಾಗದಲ್ಲಿ 'ಕಾಮಿನಿ' ಎಂದು ಅಚ್ಚಾಗಿತ್ತು. ಕಾಮಿನಿ ಚಿತ್ರದ ಪಾತ್ರ, ಹಾಡಿದ್ದು ಲತಾ ಮಂಗೇಶ್ಕರ್. ಹಾಡಿದವರು ಯಾರೆಂದು ಕೇಳುಗರು ಆಕಾಶವಾಣಿಗೆ ಪತ್ರ ಬರೆದು ಕೇಳಬೇಕಾಯಿತು. ಫಿಲಂಫೇರ್ ಪ್ರಶಸ್ತಿ 1954ರಲ್ಲಿ ಶುರುವಾದರೂ ಹಿನ್ನೆಲೆ ಗಾಯನಕ್ಕೆ ಅಲ್ಲಿ ಜಾಗ ಇರಲಿಲ್ಲ. ಪ್ರಶಸ್ತಿ ಗಾಯಕರಿಗಿಲ್ಲದಿದ್ದರೆ ನಿಮ್ಮ ಸಮಾರಂಭದಲ್ಲಿ ನಾನು ಹಾಡುವುದಿಲ್ಲ ಎಂದು ಲತಾ ಪಟ್ಟುಹಿಡಿದ ಮೇಲೆ, 1959ರಲ್ಲಿ ಅದು ಸೇರಿತು. ರಾಯಲ್ಟಿಯ, ಅಂದರೆ ಹಾಡಿನ ಗಳಿಕೆಯಲ್ಲಿ ಸಿಗುವ ಪಾಲಿನ, ಪ್ರಶ್ನೆಯಲ್ಲಿ ಅವರಿಗೂ ಮೊಹಮ್ಮದ್ ರಫಿಯವರಿಗೂ ಮಾತು ಕೆಟ್ಟು, ಕೆಲ ಕಾಲ ಇಬ್ಬರೂ ಒಟ್ಟಿಗೆ ಹಾಡಲಿಲ್ಲ. ಗೀತರಚನೆಕಾರರು, ಸಂಗೀತ ನಿರ್ದೇಶಕರು ಬಿಟ್ಟುಕೊಡಲಾಗದಂಥ ರಾಯಲ್ಟಿ ಹಕ್ಕು ಪಡೆದದ್ದು 2012ರ ಕೃತಿಸ್ವಾಮ್ಯ ತಿದ್ದುಪಡಿಯಲ್ಲಿ. ಅದಕ್ಕಾಗಿ ರಾಜ್ಯಸಭೆಯಲ್ಲಿ ದನಿಯೆತ್ತಿದವರು ಜಾವೇದ್ ಅಖ್ತರ್, ಅಂದರೆ 'ವೋ ಲಡ್ಕಿ ಜೋ' ಬರೆದವರೇ. ಗಾಯಕರು ತಮ್ಮದೊಂದು ಹಕ್ಕಿನ ಸಂಘ ಕಟ್ಟಿಕೊಂಡದ್ದು ಮರುವರ್ಷ, 2013ರಲ್ಲಿ.

ದಾಸರು ಇಂಥ ಕಾನೂನಿಗೆ ಕಾಯಲಿಲ್ಲ. ಕೊನೆಯ ಚರಣದಲ್ಲಿ ಅಂಕಿತ ಹೆಣೆದುಬಿಟ್ಟರು. 'ಪುರಂದರವಿಠಲ' ಎನ್ನದೆ ಕೀರ್ತನೆ ಮುಗಿಯುವುದಿಲ್ಲ, ಯಾರೇ ಹಾಡಲಿ, ಯಾವ ಊರಲ್ಲೇ ಹಾಡಲಿ. ಸಿನಿಮಾ ಹಾಡಿಗೆ ಅಂಕಿತವಿಲ್ಲ. ಪರದೆಯ ಮೇಲೆ ಕಾಣುವ ಮುಖವೇ ಅದರ ಗುರುತಾಗಿಬಿಡುತ್ತದೆ.

ಅಕ್ಕನ ಮಗಳಿಗೆ ನನ್ನ ಹಳೆಯ ಕ್ಯಾಸೆಟ್ಟಿನ ಡಬ್ಬಿ ತೆಗೆದು ತೋರಿಸಿದೆ. ಒಳಗಿನ ಕಾಗದ ಮಡಿಕೆಗಳಲ್ಲಿ ಹರಿದಿದೆ. ಮುಂದಿನ ಮುಖದಲ್ಲಿ ನಾಯಕ, ನಾಯಕಿ, ಬಂದೂಕು. ಬಿಚ್ಚಿದರೆ ಹಾಡುಗಳ ಪಟ್ಟಿ, ಪಕ್ಕದಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿ ಹಾಡಿದವರ ಹೆಸರು. ಅವಳು ಮೊಬೈಲಿನ ಟಾರ್ಚ್ ಹಾಕಿ, ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು, ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿದಳು. ಆಮೇಲೆ ಕೇಳಿದಳು: "ಮಾಮಾ, ಆ ಮ್ಯಾಶಪ್ ಮಾಡಿದ ಹುಡುಗನ ಹೆಸರು ಎಲ್ಲಿ ಬರೆದಿರುತ್ತಾರೆ?"